ಲ್ಯಾಪ್ ನನ್ನದು, ಬೀಗ ಅವರದು: ಇಷ್ಟು ಚೆಂದದ ರೇಸಿಂಗ್ ಗೇಮ್ ಕೈಗೆ ಬಂದೂ ಬಾರದಂತಾಗಿದೆ

ಕೊನೆ ತಿರುವು

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಗೇಮ್ ಇಷ್ಟು ಚೆನ್ನಾಗಿರುವುದಕ್ಕೇ ನನಗೆ ಇಷ್ಟು ಸಿಟ್ಟು. ಕಳಪೆಯಾಗಿದ್ದರೆ ಡಿಲೀಟ್ ಮಾಡಿ ಮರೆತುಬಿಡುತ್ತಿದ್ದೆ.

ಈ ಗೇಮ್‌ನಲ್ಲಿ ಕಾರಿಗೆ ತೂಕವಿದೆ. ಬ್ರೇಕ್ ಒತ್ತಿದರೆ ಮೂತಿ ತಗ್ಗುತ್ತದೆ, ಭಾರವೆಲ್ಲ ಮುಂದಿನ ಟೈರ್‌ಗೆ ಬರುತ್ತದೆ, ಹಿಂಭಾಗ ಹಗುರಾಗುತ್ತದೆ. ಬ್ರೇಕನ್ನು ಒಮ್ಮೆಲೇ ಬಿಡದೆ, ತಿರುವಿನೊಳಗೆ ಹೋಗುತ್ತ ಹೋಗುತ್ತ ಸ್ವಲ್ಪ ಸ್ವಲ್ಪವೇ ಸಡಿಲಿಸಿದರೆ ಕಾರು ತಾನಾಗಿಯೇ ಒಳಕ್ಕೆ ಹೊರಳುತ್ತದೆ. ಮೊದಲ ವಾರ ಇದು ಗೊತ್ತಾಗದೆ ಪ್ರತಿ ತಿರುವಿನಲ್ಲೂ ಹೊರಗೆ ಜಾರಿ ಗೋಡೆಗೆ ಗುದ್ದುತ್ತಿದ್ದೆ. ಆಮೇಲೆ ಒಂದು ಸಂಜೆ, ಹೇಗೋ ಏನೋ, ಕೈಗೆ ಅದು ಹತ್ತಿತು. ಸ್ಟೇರಿಂಗ್ ಚಕ್ರ ಹಗುರಾದ ಕ್ಷಣವೇ ಮುಂದಿನ ಟೈರ್ ಹಿಡಿತ ಬಿಡುತ್ತಿದೆ ಅಂತ ಬೆರಳಿಗೆ ತಿಳಿಯತೊಡಗಿತು, ಕಣ್ಣಿಗಿಂತ ಮೊದಲೇ. ಆ ಸಂಜೆಯಿಂದ ಒಂದೇ ಟ್ರ್ಯಾಕ್, ಒಂದೇ ಕಾರು, ನೂರಾರು ಲ್ಯಾಪ್, ಅಂದರೆ ಸುತ್ತು. ನನ್ನದೇ ಹಿಂದಿನ ಲ್ಯಾಪ್‌ನ ನೆರಳುಕಾರನ್ನು ಅರ್ಧ ಸೆಕೆಂಡ್, ಕಾಲು ಸೆಕೆಂಡ್ ಅಂತ ಹಿಂದೆ ಹಾಕುತ್ತ ಬಂದೆ.

ಈಗ ಬೀಗದ ಕಥೆ. ನಾನು ಆಡುವುದು ಒಬ್ಬನೇ. ಎದುರಾಳಿಗಳೆಲ್ಲ ಕಂಪ್ಯೂಟರ್ ಓಡಿಸುವ ಕಾರುಗಳು. ಆದರೂ ಗೇಮ್ ತೆರೆಯಲು ಲಾಗಿನ್ ಬೇಕು, ಆ ಲಾಗಿನ್‌ಗೆ ಕಂಪನಿಯ ಬೇರೆಯದೇ ಲಾಂಚರ್, ಅಂದರೆ ಗೇಮ್ ತೆರೆಯುವ ಪ್ರೋಗ್ರಾಂ, ಬೇಕು. ಅಷ್ಟಕ್ಕೆ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಡುತ್ತಿರುವಾಗಲೂ ಗೇಮ್ ಆಗಾಗ ಸರ್ವರ್ ಕಡೆ ತಿರುಗಿ 'ಇವನು ದುಡ್ಡು ಕೊಟ್ಟವನೇ ತಾನೆ?' ಅಂತ ಕೇಳುತ್ತಲೇ ಇರುತ್ತದೆ. ಉತ್ತರ ಬರುವುದು ತಡವಾದರೆ ಪರದೆ ಮಂಕಾಗುತ್ತದೆ, ಸಂಪರ್ಕ ಕಡಿದಿದೆ ಎಂಬ ಸಾಲು ಮೂಡುತ್ತದೆ, ಓಕೆ ಒತ್ತಿದರೆ ನೇರ ಮೆನುಗೆ. ರೇಸ್ ಹೋಯಿತು. ಮುಂದುವರಿಸುವ ದಾರಿಯೇ ಇಲ್ಲ.

ಮೊನ್ನೆ ಇಪ್ಪತ್ತು ಲ್ಯಾಪ್‌ನ ರೇಸ್. ಹದಿನಾಲ್ಕನೆಯ ಲ್ಯಾಪ್‌ನಲ್ಲಿ ಮಳೆ ಶುರುವಾಯಿತು. ಎಲ್ಲರೂ ಟೈರ್ ಬದಲಿಸಲು ಪಿಟ್‌ಗೆ ಹೋದರು, ನಾನು ಒಣ ಟೈರ್‌ನಲ್ಲೇ ಇನ್ನೆರಡು ಲ್ಯಾಪ್ ತಳ್ಳಿದೆ. ಒದ್ದೆ ರಸ್ತೆಯಲ್ಲಿ ಎಲ್ಲರೂ ಓಡುವ ಗೆರೆ ಬಿಟ್ಟು, ರಬ್ಬರ್ ಮೆತ್ತದ ಹೊರಬದಿಯಲ್ಲಿ ಹಿಡಿತ ಹುಡುಕುತ್ತ ಹೋದೆ. ಹದಿನೇಳನೆಯ ಲ್ಯಾಪ್‌ಗೆ ಎರಡನೇ ಸ್ಥಾನ. ಮುಂದಿನ ಕಾರಿನ ಹಿಂದೀಪ ಕಾಣುತ್ತಿತ್ತು. ಪರದೆ ಮಂಕಾಯಿತು.

ನೆಟ್ ಕಡಿದದ್ದು ಹತ್ತು ಸೆಕೆಂಡೂ ಇರಲಿಕ್ಕಿಲ್ಲ. ಮೆನುಗೆ ಬರುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಕಂಪನಿಗೆ ಬರೆದೆ. ರೌಟರ್ ಆರಿಸಿ ಹಚ್ಚಿ ನೋಡಿ ಎಂದು ಉತ್ತರ ಬಂತು. ನನ್ನ ಮೇಜಿನ ಮೇಲೆ, ನನ್ನ ಯಂತ್ರದಲ್ಲಿ, ನಾನೊಬ್ಬನೇ ಓಡಿಸುವ ಕಾರಿಗೆ ಎಲ್ಲೋ ಇರುವ ಸರ್ವರ್ ಏಕೆ ಬೇಕು? ತಿಳಿದವರು ಹೇಳಿ.

ಮೂರನೇ ಗೇರ್

ಹದಿನೇಳನೆಯ ಲ್ಯಾಪ್ ಓದಿ ಹೊಟ್ಟೆ ಉರಿಯಿತು. ನನಗೂ ಇಂಥದ್ದೇ ಒಂದು ಅನುಭವ ಆಗಿದೆ, ಬೇರೆ ಗೇಮ್. ದೂರದ ಪ್ರಯಾಣಕ್ಕೆಂದು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಹೋಗಿದ್ದೆ. ಹೊರಡುವ ಹಿಂದಿನ ರಾತ್ರಿ ತೆರೆದು ನೋಡಿದ್ದೆ, ಚೆನ್ನಾಗಿ ಓಡಿತ್ತು. ಎರಡನೇ ದಿನ ನೆಟ್ ಇಲ್ಲದ ಕಡೆ ತೆರೆದರೆ 'ಆನ್‌ಲೈನ್‌ಗೆ ಬಂದು ದೃಢೀಕರಿಸಿ' ಎಂಬ ಸೂಚನೆ. ವಾರವಿಡೀ ಅದರ ಐಕಾನ್ ನೋಡಿಕೊಂಡು ಕೂತಿದ್ದೆ. ಎಪ್ಪತ್ತು ಜಿಬಿ ಜಾಗ ತಿಂದ ಗೇಮ್, ಪೂರ್ತಿ ನನ್ನ ಡಿಸ್ಕ್‌ನಲ್ಲೇ ಇತ್ತು.

ಹಿರಿಯರ ಮಾತು ಸುಮ್ಮನೆ ಹುಟ್ಟಿದ್ದಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗೇಮ್ ಮಾಡಿದವರು ಜೀವ ತೇದು ಕೊಟ್ಟಿದ್ದಾರೆ, ಬಾಗಿಲಲ್ಲಿ ನಿಂತವನು ಬಿಡುತ್ತಿಲ್ಲ.

ಬಿಟ್ ಬೈಟ್

ಕೊನೆ ತಿರುವು ಅವರ ಪ್ರಶ್ನೆಗೆ ನೇರ ಉತ್ತರ: ಓಡಿಸುವುದಕ್ಕೆ ಸರ್ವರ್ ಬೇಕಿಲ್ಲ.

ಟೈರ್‌ನ ಹಿಡಿತ, ಸಸ್ಪೆನ್ಷನ್, ಮಳೆನೀರು, ಎದುರಾಳಿಗಳ ಬುದ್ಧಿ, ಈ ಲೆಕ್ಕವೆಲ್ಲ ನಡೆಯುವುದು ನಿಮ್ಮ ಯಂತ್ರದಲ್ಲೇ. ಗಂಭೀರ ರೇಸಿಂಗ್ ಗೇಮ್‌ಗಳಲ್ಲಿ ಈ ಲೆಕ್ಕ ಸೆಕೆಂಡಿಗೆ ನೂರಾರು ಸಲ ಆಗುತ್ತದೆ. ಅದನ್ನು ದೂರದ ಸರ್ವರ್‌ನಿಂದ ಕೇಳಿ ತರಿಸಿಕೊಳ್ಳುತ್ತ ಕೂತರೆ ಸ್ಟೇರಿಂಗ್ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಕಾರು ತಿರುಗೀತು. ಹಾಗಾಗಿ ಕಾರು ಓಡಿಸುವ ಲೆಕ್ಕದಲ್ಲಿ ಸರ್ವರ್‌ಗೆ ಪಾಲೇ ಇಲ್ಲ.

ಅದು ಮಾಡುವುದು ಬೇರೆ ಕೆಲಸ. ನೀವು ಲಾಗಿನ್ ಆದಾಗ ಸರ್ವರ್ ಒಂದು ಟೋಕನ್ ಕೊಡುತ್ತದೆ. ಟೋಕನ್ ಅಂದರೆ ಸರ್ವರ್‌ನ ಡಿಜಿಟಲ್ ಸಹಿ ಇರುವ ಚೀಟಿ ಎಂದುಕೊಳ್ಳಿ. ಈ ಖಾತೆಯವರು ಈ ಗೇಮ್ ಕೊಂಡಿದ್ದಾರೆ, ಇಂಥ ಹೊತ್ತಿನವರೆಗೆ ಇದು ನಡೆಯುತ್ತದೆ, ಅಷ್ಟೇ ಅದರಲ್ಲಿ ಬರೆದಿರುವುದು. ಆ ಸಹಿ ಅಸಲಿಯೋ ನಕಲಿಯೋ ಎಂದು ನಿಮ್ಮ ಯಂತ್ರವೇ ನೆಟ್ ಇಲ್ಲದೆಯೂ ಪರೀಕ್ಷಿಸಬಲ್ಲದು. ಅವಧಿ ಎಷ್ಟಿರಬೇಕು ಎಂಬುದಕ್ಕೆ ತಾಂತ್ರಿಕ ಕಟ್ಟುಪಾಡು ಯಾವುದೂ ಇಲ್ಲ. ಐದು ನಿಮಿಷ ಇಡಬಹುದು, ಒಂದು ತಿಂಗಳು ಇಡಬಹುದು, ಮುಗಿಯುವ ದಿನವೇ ಇಲ್ಲದೆಯೂ ಕೊಡಬಹುದು. ನಿಮ್ಮ ಗೇಮ್‌ನಲ್ಲಿ ಯಾರೋ ಕೂತು ಅದನ್ನು ನಿಮಿಷಗಳ ಲೆಕ್ಕಕ್ಕೆ ಇಳಿಸಿದ್ದಾರೆ. ಉತ್ತರ ಬಾರದಿದ್ದರೆ ಆಟ ನಿಲ್ಲಿಸಿ ಕಾಯುವ ಬದಲು ರೇಸನ್ನೇ ಎಸೆಯಬೇಕು ಎಂದು ತೀರ್ಮಾನಿಸಿದವರೂ ಅವರೇ. ಹದಿನೇಳನೆಯ ಲ್ಯಾಪ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಕಾಯುವುದು ಮಾಡಲಾಗದ ಕೆಲಸವೇನಲ್ಲ.

ಇದರೊಳಗೇ ಇನ್ನೊಂದು ಬಗೆ ಇದೆ, ಅದನ್ನು ಬಿಡಿಸಿ ನೋಡಬೇಕು. ಕೆಲವು ಗೇಮ್‌ಗಳಲ್ಲಿ ಗ್ಯಾರೇಜ್, ಗಳಿಸಿದ ದುಡ್ಡು, ಸೇವ್, ಇವೆಲ್ಲ ಸರ್ವರ್‌ನಲ್ಲೇ ಇರುತ್ತವೆ. ಅಲ್ಲಿ ನಕಲು ತಡೆಯನ್ನು ಕಿತ್ತರೂ ಗೇಮ್ ಓಡುವುದಿಲ್ಲ, ಆಟದ ಒಂದು ಭಾಗ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. 2015ರ ನೀಡ್ ಫಾರ್ ಸ್ಪೀಡ್ ನೆನಪಿದೆಯಾ? ಸದಾ ಆನ್‌ಲೈನ್ ಇರಬೇಕಿದ್ದ ಕಾರಣಕ್ಕೆ ಅದರಲ್ಲಿ ಆಟವನ್ನು ನಡುವೆ ನಿಲ್ಲಿಸಲೂ ಬರುತ್ತಿರಲಿಲ್ಲ. ಒಬ್ಬರೇ ಆಡುತ್ತಿದ್ದರೂ ಅಷ್ಟೇ.

ಸದ್ದಿಲ್ಲದ ಎಂಜಿನ್

ನಾನು ಗೇಮ್ ಮಾಡುವ ಸಣ್ಣ ತಂಡವೊಂದರಲ್ಲಿ ಇದ್ದವನು, ಆ ಕಡೆಯಿಂದಲೂ ಒಂದು ಮಾತು ಹೇಳಬೇಕು.

ನಮ್ಮ ಗೇಮ್ ಬಿಡುಗಡೆಯಾದ ದಿನವೇ ಅದರ ಕದ್ದ ಪ್ರತಿ ನೆಟ್‌ನಲ್ಲಿತ್ತು. ಬೀಗವನ್ನೇ ಹಾಕಿರಲಿಲ್ಲ ನಾವು. ಆಡುವವರನ್ನು ನಂಬೋಣ ಎಂದುಕೊಂಡಿದ್ದೆವು. ಕದ್ದ ಪ್ರತಿಯಲ್ಲಿ ಆಡಿದವರೇ ಬಂದು ಇಂಥ ಕಡೆ ಗೇಮ್ ನಿಂತುಹೋಗುತ್ತದೆ, ಸರಿಮಾಡಿ ಎಂದು ದೂರು ಬರೆಯುತ್ತಿದ್ದರು. ಆ ದೂರುಗಳಿಗೆ ಉತ್ತರ ಬರೆಯುತ್ತ ಕೂತ ರಾತ್ರಿಗಳು ನನಗಿನ್ನೂ ನೆನಪಿವೆ. ಗೇಮ್‌ನ ಮಾರಾಟದಲ್ಲಿ ಮೊದಲ ಕೆಲವು ವಾರಗಳೇ ಮುಖ್ಯ. ಕೊಳ್ಳಬೇಕೆಂಬ ಆಸೆ ಬಿಸಿಯಾಗಿರುವ ದಿನಗಳು ಅವು. ಆಗ ಪುಕ್ಕಟೆ ಪ್ರತಿ ಸಿಕ್ಕರೆ ಒಂದಷ್ಟು ಜನ ಅತ್ತ ವಾಲುತ್ತಾರೆ. ಎಲ್ಲರೂ ಅಲ್ಲ, ಒಂದಷ್ಟು ಜನ. ಸಣ್ಣ ತಂಡಕ್ಕೆ ಆ ಒಂದಷ್ಟು ಜನವೇ ಮುಂದಿನ ಗೇಮ್ ಆಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತಾರೆ.

ಮತ್ತೆ, ರೇಸಿಂಗ್ ಗೇಮ್ ಎಂದರೆ ಲೀಡರ್‌ಬೋರ್ಡ್, ಅಂದರೆ ಯಾರ ಲ್ಯಾಪ್ ಎಷ್ಟು ವೇಗ ಎಂಬ ಪಟ್ಟಿ, ಇದ್ದೇ ಇರುತ್ತದೆ. ಲ್ಯಾಪ್ ಸಮಯವನ್ನು ತಿದ್ದಿ ಹಾಕುವವರನ್ನು ತಡೆಯಲು ಸರ್ವರ್ ಬೇಕೇ ಬೇಕು. ಬೀಗ ಎಂದರೆ ಬರೀ ದುರಾಸೆ ಎಂದುಕೊಳ್ಳಬೇಡಿ.

ಕೊನೆ ತಿರುವು

ಸದ್ದಿಲ್ಲದ ಎಂಜಿನ್, ನಿಮ್ಮ ಮಾತನ್ನು ಎರಡು ಸಲ ಓದಿದೆ. ಕದ್ದವನಿಗೇ ಉತ್ತರ ಬರೆಯುತ್ತ ಕೂರುವುದು ಎಂಥ ನೋವು ಅಂತ ಅರ್ಥವಾಗುತ್ತದೆ. ಬೀಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಲೀಡರ್‌ಬೋರ್ಡ್‌ಗೆ ನನ್ನ ಸಮಯ ಕಳಿಸುವಾಗ ಸರ್ವರ್ ನನ್ನನ್ನು ತಡೆದು ನಿಲ್ಲಿಸಿ ಎಷ್ಟು ಬೇಕಾದರೂ ಪರೀಕ್ಷಿಸಲಿ.

ನಾನು ಹೇಳುವುದಿಷ್ಟು. ಅಂಗಡಿಯ ಬಾಗಿಲಿಗೆ ಬೀಗ ಹಾಕಿ, ನಾನು ಮನೆಗೆ ತಂದ ಗಾಡಿಯ ಬ್ರೇಕ್ ಪೆಡಲಿಗಲ್ಲ. ಕೊಂಡ ದಿನ ಒಂದು ಸಲ ಕೇಳಿ. ಬೇಕಾದರೆ ಮೊದಲ ತಿಂಗಳು ಪ್ರತಿ ಸಲ ತೆರೆದಾಗಲೂ ಕೇಳಿ. ಹಸಿರು ದೀಪ ಬಿದ್ದ ಮೇಲೆ, ರೇಸ್ ಮುಗಿಯುವವರೆಗೆ, ನನ್ನನ್ನು ನನ್ನ ಪಾಡಿಗೆ ಬಿಡಿ. ಓಟ ನಡೆಯುತ್ತಿರುವಾಗ ಮಧ್ಯೆ ಕೈ ಹಾಕುವುದರಿಂದ ಯಾವ ಕಳ್ಳ ಸಿಕ್ಕಿಬಿದ್ದಿದ್ದಾನೆ? ಕಳ್ಳನ ಪ್ರತಿಯಲ್ಲಿ ಆ ಪ್ರಶ್ನೆಯನ್ನೇ ಕಿತ್ತು ಹಾಕಿರುತ್ತಾರೆ. ಹದಿನೇಳನೆಯ ಲ್ಯಾಪ್‌ನಲ್ಲಿ ಹೊರಗೆ ಬೀಳುವುದು ದುಡ್ಡು ಕೊಟ್ಟವನು ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ.

ಹಳೆ ಡಿಸ್ಕ್

ಈ ಬೀಗದ ಚರಿತ್ರೆ ಬಹಳ ಹಳೆಯದು. ನಾನು ಕಂಡ ಮೊದಲನೆಯದು ಸ್ಟಂಟ್ಸ್, 1990ರದ್ದು. ನಾವೇ ಟ್ರ್ಯಾಕ್ ಕಟ್ಟಿ, ಲೂಪ್ ಮೇಲೆಲ್ಲ ಕಾರು ಓಡಿಸುವ ಗೇಮ್. ಜೊತೆಗೆ ಬಂದ ಪುಸ್ತಕದಿಂದ ಒಂದು ಪದ ಕೇಳುತ್ತಿತ್ತು. ತಪ್ಪು ಹೇಳುತ್ತ ಹೋದರೂ ರೇಸ್ ಶುರುವಾಗುತ್ತಿತ್ತು, ಆದರೆ ನಾಲ್ಕೇ ಸೆಕೆಂಡಿಗೆ ಕಾರು ಅಪಘಾತಕ್ಕೀಡಾಗುತ್ತಿತ್ತು. ಕಾರಿನ ಭದ್ರತಾ ವ್ಯವಸ್ಥೆಯನ್ನು ನೀವು ಆರಿಸಲಿಲ್ಲ ಎಂಬ ಸಂದೇಶ ಬರುತ್ತಿತ್ತು. ಪುಸ್ತಕ ಕೈಯಲ್ಲಿದ್ದರೆ ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಕೊಡಬಹುದು. ಮೂವತ್ತೈದು ವರ್ಷ ಕಳೆದರೂ ಆ ಬೀಗಕ್ಕೆ ಕೀಲಿ ನಮ್ಮ ಬಳಿಯೇ ಇದೆ.

ಆಮೇಲೆ ಸಿಡಿಗಳ ಕಾಲ. ಡಿಸ್ಕ್ ನಕಲಾಗದಂತೆ ತಡೆಯುವ ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಎಂಬ ಬೀಗಗಳು. ಮೊದಲ ಟ್ರ್ಯಾಕ್‌ಮೇನಿಯಾ ಗೇಮ್‌ಗಳಲ್ಲಿ ಸ್ಟಾರ್‌ಫೋರ್ಸ್ ಇತ್ತು. ಅದು ವಿಂಡೋಸ್‌ನ ಒಳಪದರಕ್ಕೆ ತನ್ನದೇ ಡ್ರೈವರ್ ಇಳಿಸಿ ಕೂರುತ್ತಿತ್ತು. ಗೇಮ್ ತೆಗೆದರೂ ಆ ಡ್ರೈವರ್ ಉಳಿಯುತ್ತದೆ ಎಂಬ ದೂರುಗಳು ಎಲ್ಲ ಕಡೆ ಎದ್ದವು. ಗೇಮ್ ಕಂಪನಿ ಯೂಬಿಸಾಫ್ಟ್ 2006ರಲ್ಲಿ ಅದನ್ನು ಬಳಸುವುದನ್ನೇ ಬಿಟ್ಟಿತು. ಸೇಫ್‌ಡಿಸ್ಕ್‌ನ ಗತಿ ಇನ್ನೂ ಬೇಸರದ್ದು. ಅದರ ಡ್ರೈವರ್‌ನಲ್ಲಿ ಭದ್ರತೆಯ ದೋಷವಿದ್ದ ಕಾರಣ ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಲ್ಲಿ ಅದನ್ನು ಓಡಲು ಬಿಡಲಿಲ್ಲ, ಹಳೆಯ ವಿಂಡೋಸ್‌ಗಳಲ್ಲೂ ಆರಿಸಿತು. ಕಪಾಟಿನಲ್ಲಿ ಗೀರಿಲ್ಲದ ಅಸಲಿ ಡಿಸ್ಕ್ ಇದೆ, ಒಳಗೆ ಹಾಕಿದರೆ ಗೇಮ್ ತೆರೆಯುವುದಿಲ್ಲ. ಗೇಮ್ ಕೆಟ್ಟಿಲ್ಲ, ಬೀಗ ಕೆಟ್ಟಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಆಮೇಲೆ ಬಂದದ್ದು ಗೇಮ್ಸ್ ಫಾರ್ ವಿಂಡೋಸ್ ಲೈವ್, ಮೈಕ್ರೋಸಾಫ್ಟ್‌ನ ಲಾಗಿನ್ ವ್ಯವಸ್ಥೆ. ಡರ್ಟ್ 2, ಡರ್ಟ್ 3 ಆಡಿದವರಿಗೆ ಈ ಹೆಸರು ಕೇಳಿದರೇ ಮೈ ಉರಿಯುತ್ತದೆ. ಕೆಸರಿನಲ್ಲಿ ರ‍್ಯಾಲಿ ಕಾರು ಓಡಿಸುವ ಸುಖ ಆ ಗೇಮ್‌ಗಳಲ್ಲಿ ಹೇಗಿತ್ತು! ಸೇವ್ ಮಾತ್ರ ಆ ಲೈವ್ ಖಾತೆಗೆ ಗಂಟುಬಿದ್ದಿತ್ತು. ಕೊನೆಗೆ 2015ರಲ್ಲಿ ಡರ್ಟ್ 3ರ ಕಂಪ್ಲೀಟ್ ಎಡಿಷನ್ ಬಂದಾಗ ಗೇಮ್ ಮಾಡಿದ ಕೋಡ್‌ಮಾಸ್ಟರ್ಸ್ ಆ ಲೈವ್ ಅನ್ನು ಕಿತ್ತುಹಾಕಿತು. ಮನಸ್ಸು ಮಾಡಿದರೆ ಕೀಳಬಹುದು, ಇದೇ ಸಾಕ್ಷಿ.

ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪಾಠ ರಿ-ವೋಲ್ಟ್. 1999ರ ಗೇಮ್. ಅಂಗೈಯಗಲದ ರಿಮೋಟ್ ಕಾರುಗಳು, ಸೂಪರ್‌ಮಾರ್ಕೆಟ್‌ನ ಸಾಲುಗಳ ನಡುವೆ, ಮ್ಯೂಸಿಯಂನ ನುಣುಪು ನೆಲದ ಮೇಲೆ ರೇಸ್. ಅದನ್ನು ಹೊರತಂದ ಅಕ್ಲೇಮ್ ಕಂಪನಿ 2004ರಲ್ಲಿ ದಿವಾಳಿಯಾಯಿತು. ಆದರೂ ರಿ-ವೋಲ್ಟ್ ಬದುಕಿದೆ. ಅಭಿಮಾನಿಗಳು ಆರ್‌ವಿಜಿಎಲ್ ಎಂಬ ಹೊಸ ಎಂಜಿನ್ ಕಟ್ಟಿ ಇಂದಿನ ಯಂತ್ರಗಳಲ್ಲೂ ಓಡುವಂತೆ ಮಾಡಿದ್ದಾರೆ, ಹೊಸ ಕಾರು, ಹೊಸ ಟ್ರ್ಯಾಕ್ ಸೇರಿಸುತ್ತಲೇ ಇದ್ದಾರೆ. ಅದರ ಕೀಲಿ ಅಕ್ಲೇಮ್‌ನ ಸರ್ವರ್ ಒಂದರಲ್ಲಿ ಇದ್ದಿದ್ದರೆ ಕಂಪನಿಯ ಜೊತೆ ಗೇಮ್ ಕೂಡ ಮಣ್ಣಾಗುತ್ತಿತ್ತು.

ಒದ್ದೆ ಟ್ರ್ಯಾಕ್

ಹಳೆ ಡಿಸ್ಕ್ ಅವರ ಕೊನೆಯ ವಾಕ್ಯ ನನಗೆ ನಾಟಿತು, ಯಾಕೆಂದರೆ ನಾನು ದಿ ಕ್ರೂ ಆಡುತ್ತಿದ್ದವನು.

ಆಡದವರಿಗಾಗಿ ಹೇಳುತ್ತೇನೆ. 2014ರ ಡಿಸೆಂಬರ್‌ನಲ್ಲಿ ಬಂದ ಗೇಮ್. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ನಕಾಶೆಯೊಳಗೆ ಇಟ್ಟಿದ್ದರು. ಒಂದು ಕಡಲತೀರದಿಂದ ಇನ್ನೊಂದು ಕಡಲತೀರಕ್ಕೆ ಎಲ್ಲೂ ನಿಲ್ಲದೆ ಓಡಿಸಿದರೆ ಮುಕ್ಕಾಲು ಗಂಟೆಯಷ್ಟು ಬೇಕು. ಹಿಮದ ಬೆಟ್ಟ ದಾಟಿ, ಮರುಭೂಮಿ ದಾಟಿ, ರಾತ್ರಿಯಾಗಿ, ಮತ್ತೆ ಬೆಳಗಾಗಿ. ಎಷ್ಟೋ ದಿನ ನಾನು ಒಂದು ರೇಸ್ ಕೂಡ ಆಡುತ್ತಿರಲಿಲ್ಲ, ಸುಮ್ಮನೆ ಓಡಿಸುತ್ತಿದ್ದೆ. ಒಬ್ಬನೇ ಓಡಿಸಬಹುದಾದ ಕಥೆಯೂ ಅದರಲ್ಲಿತ್ತು, ಆದರೂ ಸರ್ವರ್ ಇಲ್ಲದೆ ಗೇಮ್ ತೆರೆಯುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಕೊನೆಯ ರಾತ್ರಿ ಪಶ್ಚಿಮದ ಕಡಲಿನ ಕಡೆ ಹೊರಟಿದ್ದೆ. ಮರುದಿನ ಡಿಸ್ಕ್ ಇತ್ತು, ಫೈಲ್‌ಗಳೆಲ್ಲ ಇದ್ದವು, ರಸ್ತೆ ಮಾತ್ರ ಇರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ ಎಂಬುದು ಸಮಾಧಾನ. ಆ ಮುಚ್ಚುವಿಕೆಯೇ ಕಿಡಿಯಾಗಿ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 2024ರ ಏಪ್ರಿಲ್‌ನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಭಿಯಾನ ಶುರುಮಾಡಿದರು. ಸರ್ವರ್ ಅನಂತಕಾಲ ನಡೆಸಿ ಎಂದು ಅವರು ಕೇಳುತ್ತಿಲ್ಲ. ಬೆಂಬಲ ನಿಲ್ಲಿಸುವಾಗ ಕೊಂಡವರು ಆಡಬಹುದಾದ ಸ್ಥಿತಿಯಲ್ಲಿ ಗೇಮನ್ನು ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿದವು. ಅದೇ ವರ್ಷ ದಿ ಕ್ರೂ 2ಕ್ಕೆ ಆಫ್‌ಲೈನ್‌ನಲ್ಲಿ ಆಡುವ ಬಗೆ ಬಂತು. ಮೊದಲ ದಿ ಕ್ರೂವನ್ನು ಅಭಿಮಾನಿಗಳು ತಮ್ಮದೇ ಸರ್ವರ್ ಬರೆದು ಮತ್ತೆ ಓಡಿಸಿದರು. ಕಂಪನಿಯ ಕೈಯಲ್ಲಿ ಎಲ್ಲವೂ ಇದ್ದಾಗ ಆಗದ ಕೆಲಸವನ್ನು ಹೊರಗಿನವರು, ಸಂಬಳವಿಲ್ಲದೆ, ರಾತ್ರಿ ಕೂತು ಮಾಡಿದ್ದಾರೆ. ಅವರಿಗೆ ಕೈಮುಗಿಯುತ್ತೇನೆ.

ಇನ್ನೊಂದು ನೆನಪು: 2022ರ ಮಾರ್ಚ್. ಗ್ರ್ಯಾನ್ ಟುರಿಸ್ಮೊ 7 ಬಂದು ಎರಡು ವಾರವೂ ಆಗಿರಲಿಲ್ಲ. ಒಂದು ಅಪ್‌ಡೇಟ್‌ನಲ್ಲಿ ದೋಷ ಸಿಕ್ಕಿ ಸರ್ವರ್‌ಗಳನ್ನು ಕೆಳಗಿಳಿಸಿದರು, ಮೂವತ್ತು ಗಂಟೆಗೂ ಹೆಚ್ಚು. ಒಬ್ಬರೇ ಆಡುವ ಭಾಗವೂ ಬಹುಪಾಲು ಆನ್‌ಲೈನ್‌ಗೆ ಕಟ್ಟಿದ್ದರಿಂದ ಅಷ್ಟು ಹೊತ್ತು ಅದೂ ಬಂದ್. ಆಮೇಲೆ ಗೇಮ್ ರೂಪಿಸಿದ ಕಝುನೋರಿ ಯಮೌಚಿ ಕ್ಷಮೆ ಕೇಳಿದರು, ಆಟಗಾರರಿಗೆ ಗೇಮ್‌ನೊಳಗಿನ ದುಡ್ಡು ಹತ್ತು ಲಕ್ಷ ಕ್ರೆಡಿಟ್ ಕೊಟ್ಟರು. ಕಾರಿನ ಚೆಲುವನ್ನು ಅವರಷ್ಟು ಪ್ರೀತಿಯಿಂದ ಗೇಮ್‌ಗೆ ತಂದವರು ಕಡಿಮೆ. ಅಂಥವರ ಗೇಮ್‌ಗೂ ಇದು ತಪ್ಪಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ಬೇಸರ.

ಹೊಸ ಸವಾರ

ನಾನು ಇದಕ್ಕೆ ಹೊಸಬ. ಒಂದು ಪ್ರಶ್ನೆ. ಕೊಳ್ಳುವ ಮೊದಲೇ ಇದೆಲ್ಲ ಗೊತ್ತಾಗುವುದು ಹೇಗೆ? ಟ್ರೇಲರ್‌ನಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಇನ್ನೊಂದು, ಹೀಗೆ ಸತಾಯಿಸುವ ಗೇಮ್‌ಗೆ ಕ್ರ್ಯಾಕ್, ಅಂದರೆ ಬೀಗ ಮುರಿಯುವ ಪ್ರೋಗ್ರಾಂ, ಹಾಕಿಕೊಂಡರೆ ತಪ್ಪೇ? ದುಡ್ಡು ಕೊಟ್ಟೇ ಇರುತ್ತೇವಲ್ಲ.

ಮೂರನೇ ಗೇರ್

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಾದರೆ ಗೇಮ್‌ನ ಪುಟದ ಬಲಬದಿಯಲ್ಲಿ ಸಣ್ಣ ಚೌಕಗಳನ್ನು ನೋಡಿ. ಬೇರೆಯವರ ಡಿಆರ್‌ಎಂ (ನಾವು ಮಾತಾಡುತ್ತಿರುವ ಬೀಗದ ಹೆಸರೇ ಅದು) ಇದೆಯೇ, ಬೇರೆ ಖಾತೆ ಬೇಕೇ ಎಂದು ಅಲ್ಲಿ ಬರೆದಿರುತ್ತದೆ. ನಾವು ನೋಡುವುದು ಸ್ಕ್ರೀನ್‌ಶಾಟ್, ಅದನ್ನು ಹಾಗೇ ದಾಟಿ ಹೋಗುತ್ತೇವೆ. ಕೆಟ್ಟ ವಿಮರ್ಶೆಗಳನ್ನು ಮೊದಲು ಓದಿ, ಅದರಲ್ಲೂ ಗೇಮ್ ಚೆನ್ನಾಗಿದೆ 'ಆದರೆ' ಎಂದು ಶುರುವಾಗುವವನ್ನು. ಕೊಂಡ ಮೇಲೆ ಮೊದಲ ಗಂಟೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಗೇಮ್ ನಡೆಯುತ್ತಿರುವಾಗ ನೆಟ್ ಕಡಿದು ನೋಡಿ. ರೇಸ್ ನಿಲ್ಲುತ್ತದೆಯೇ? ಆಮೇಲೆ ಗೇಮ್ ಮುಚ್ಚಿ, ನೆಟ್ ಇಲ್ಲದೆಯೇ ತೆರೆದು ನೋಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕಾರಿನ ಬಣ್ಣ ಆರಿಸುತ್ತ ಆ ಎರಡು ಗಂಟೆ ಕಳೆಯಬೇಡಿ.

ಬೀಗವೇ ಬೇಡ ಎನ್ನುವವರು ಜಿಒಜಿ ಅಂಗಡಿಯಲ್ಲಿ ಹುಡುಕಿ, ಅಲ್ಲಿ ಒಬ್ಬರೇ ಆಡುವ ಗೇಮ್‌ಗಳನ್ನು ಡಿಆರ್‌ಎಂ ಇಲ್ಲದೆ ಕೊಡುತ್ತಾರೆ. ಆರ್ಟ್ ಆಫ್ ರ‍್ಯಾಲಿ ಅಲ್ಲಿ ಸಿಗುತ್ತದೆ, ಮೇಲಿನಿಂದ ನೋಡುತ್ತ ಓಡಿಸುವ ಪುಟ್ಟ ಕಾರುಗಳು. ನೋಡಲು ಆಟಿಕೆಯಂತೆ, ಓಡಿಸಲು ಬೆವರಿಳಿಸುತ್ತದೆ. ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಂಡು ಬೇರೆ ಡಿಸ್ಕ್‌ನಲ್ಲಿ ಎತ್ತಿಟ್ಟುಕೊಳ್ಳಬಹುದು. ನನ್ನ ಪ್ರಯಾಣಕ್ಕೆಲ್ಲ ಈಗ ಅದೇ.

ಬಿಟ್ ಬೈಟ್

ಎರಡನೆಯ ಪ್ರಶ್ನೆಗೆ: ಬೇಡ. ನೀತಿಯ ಮಾತು ಆಮೇಲೆ. ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಂ ಒಂದಕ್ಕೆ, ಆಂಟಿವೈರಸ್ ಆರಿಸಿ ದಾರಿ ಬಿಡಿ ಎಂದು ಅದು ಕೇಳಿದಾಗ, ನೀವು ಹೂಂ ಎನ್ನುತ್ತೀರಿ. ಅದೇ ಯಂತ್ರದಲ್ಲಿ ನಿಮ್ಮ ಬ್ಯಾಂಕ್ ಲಾಗಿನ್ ಇರುತ್ತದೆ. ಲ್ಯಾಪ್ ಉಳಿಸಲು ಹೋಗಿ ಮನೆಯ ಕೀಲಿ ಕೊಟ್ಟಂತೆ. ಹಲವು ದೇಶಗಳಲ್ಲಿ, ಕೊಂಡಿದ್ದರೂ ಸಹ, ಬೀಗ ಮುರಿಯುವುದೇ ಅಪರಾಧ.

ಆದರೆ ಕೇಳುವ ಸ್ಥಿತಿ ಬಂದಿದೆಯಲ್ಲ, ಅದರ ಬಗ್ಗೆ ಪ್ರಕಾಶಕರು ಯೋಚಿಸಬೇಕು. 2021ರ ನವೆಂಬರ್‌ನಲ್ಲಿ, ಹಲವು ಗೇಮ್‌ಗಳು ಬಳಸುವ ಡೆನುವೊ ಎಂಬ ಬೀಗಕ್ಕೆ ಸೇರಿದ ಒಂದು ಡೊಮೇನ್ ಹೆಸರಿನ ಅವಧಿ ಮುಗಿದದ್ದನ್ನು ಯಾರೂ ಗಮನಿಸಲಿಲ್ಲ, ಹಲವು ಗೇಮ್‌ಗಳು ಸ್ವಲ್ಪ ಹೊತ್ತು ತೆರೆಯಲೇ ಇಲ್ಲ. ಆ ಹೊತ್ತಿನಲ್ಲಿ ನೆಟ್ಟಗೆ ಆಡುತ್ತಿದ್ದವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಸದ್ದಿಲ್ಲದ ಎಂಜಿನ್

ಈ ಮಾತುಗಳನ್ನೆಲ್ಲ ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಸರಿಪಡಿಸಿಕೊಳ್ಳುತ್ತೇನೆ. ಮೊದಲ ವಾರಗಳ ಬೀಗ ಬೇಕು ಎಂಬುದನ್ನು ಬಿಡುವುದಿಲ್ಲ. ಆದರೆ ಆ ವಾದ ನಿಂತಿರುವುದೇ 'ಮೊದಲ ವಾರಗಳು' ಎಂಬ ಮಾತಿನ ಮೇಲೆ. ಒಂದು ವರ್ಷ ಕಳೆದ ಮೇಲೂ ಬೀಗ ಹಾಗೇ ಇದ್ದರೆ ನನ್ನ ವಾದ ಅದನ್ನು ಕಾಪಾಡಲಾರದು. ಡೂಮ್ ಎಂಬ ಗೇಮ್ 2016ರ ಮೇ ತಿಂಗಳಲ್ಲಿ ಬಂತು, ಡಿಸೆಂಬರ್‌ಗೆ ಅದರಿಂದ ಡೆನುವೊ ತೆಗೆದರು. ಹಾಗೆ ಮಾಡುವವರು ಇದ್ದಾರೆ, ಅದು ರೂಢಿಯಾಗಬೇಕು.

ಜನ ದನಿ ಎತ್ತಿದರೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. 2011ರಲ್ಲಿ ಡ್ರೈವರ್: ಸ್ಯಾನ್ ಫ್ರಾನ್ಸಿಸ್ಕೊ ಪಿಸಿಗೆ ಬರುವ ಮೊದಲು ಯೂಬಿಸಾಫ್ಟ್ ಅದಕ್ಕೆ ಸದಾ ಆನ್‌ಲೈನ್ ಬೇಕು ಎಂದಿತ್ತು. ಗಲಾಟೆಯಾದ ಮೇಲೆ ತೆರೆಯುವಾಗ ಒಮ್ಮೆ ಲಾಗಿನ್ ಆದರೆ ಸಾಕು ಎಂದು ಇಳಿಸಿದರು. ನಮ್ಮಂಥ ತಂಡಗಳ ಒಳಗೂ ಬೀಗದ ಬಗ್ಗೆ ಜಗಳ ನಡೆಯುತ್ತದೆ. ಫಿಸಿಕ್ಸ್ ಬರೆದವರಿಗೆ ಆ ಮಂಕು ಪರದೆ ನಿಮಗಿಂತ ಹೆಚ್ಚು ನೋವು ಕೊಡುತ್ತದೆ. ಎರಡು ವರ್ಷ ಟೈರ್‌ನ ವರ್ತನೆ ತಿದ್ದಿದವರು ಅವರು. ನೀವು ಬರೆಯುವ ದೂರಿನಲ್ಲಿ 'ಗೇಮ್ ದರಿದ್ರ' ಎಂದು ಬರೆಯಬೇಡಿ. ಕಾರು ಹೇಗೆ ಓಡುತ್ತದೆ ಎಂಬುದನ್ನೂ ಬರೆದು, ಎಲ್ಲಿ ಕಡಿಯಿತು ಎಂಬುದನ್ನೂ ಬರೆಯಿರಿ. ಒಳಗೆ ವಾದಿಸುವವರ ಕೈಗೆ ಅದೊಂದು ಕಾಗದವಾಗುತ್ತದೆ.

ಒದ್ದೆ ಟ್ರ್ಯಾಕ್

ಇದನ್ನು ಆ ಕಡೆಯವರ ಬಾಯಿಂದಲೇ ಕೇಳಿದ್ದು ಒಳ್ಳೆಯದಾಯಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ ಎಂಬುದನ್ನೂ ಸೇರಿಸುತ್ತೇನೆ. ಡಿಜಿಟಲ್ ಸರಕು ಮಾರುವಾಗ 'ಕೊಳ್ಳಿ' ಎಂಬ ಪದ ಬಳಸಬೇಕಾದರೆ, ಸಿಗುತ್ತಿರುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ, ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಇಳಿಸಿಕೊಂಡು ಯಾವತ್ತೂ ಆಫ್‌ಲೈನ್‌ನಲ್ಲೇ ಬಳಸಬಹುದಾದ ಸರಕಿಗೆ ಈ ಕಟ್ಟಳೆ ಅನ್ವಯಿಸದು. ಅದು ಗೇಮನ್ನು ಉಳಿಸುವುದಿಲ್ಲ, ನಿಜ. ಆದರೆ ಏನನ್ನು ಕೊಡುತ್ತಿದ್ದೇವೆ ಎಂಬುದನ್ನು ಮಾರುವವರ ಬಾಯಿಂದಲೇ ಹೇಳಿಸಿತಲ್ಲ.

ಕೊನೆ ತಿರುವು

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ದುಡ್ಡು ವಾಪಸ್ ಕೇಳುವ ಹಂತ ನಾನು ಯಾವತ್ತೋ ದಾಟಿದ್ದೆ, ಆಡಿದ್ದು ತೊಂಬತ್ತು ಗಂಟೆಗೂ ಮೇಲೆ. ಸದ್ದಿಲ್ಲದ ಎಂಜಿನ್ ಹೇಳಿದ ಹಾಗೆ ಕಂಪನಿಗೆ ಹೊಸದಾಗಿ ಪತ್ರ ಬರೆದೆ. ಅರ್ಧ ಪುಟ ಬ್ರೇಕ್ ಬಗ್ಗೆ, ಮಳೆಯ ಬಗ್ಗೆ, ಹೊರಬದಿಯ ಹಿಡಿತವನ್ನು ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂಬುದರ ಬಗ್ಗೆ. ಉಳಿದರ್ಧ ಪುಟ ನೆಟ್ ಕಡಿದ ದಿನ, ಹೊತ್ತು, ಯಾವ ಲ್ಯಾಪ್ ಎಂಬ ಪಟ್ಟಿ. ಹನ್ನೊಂದು ಸಲ ಆಗಿದೆ. ಈ ಸಲ ರೌಟರ್ ಮಾತು ಬರಲಿಲ್ಲ. ಪತ್ರವನ್ನು ಗೇಮ್ ಮಾಡಿದ ತಂಡಕ್ಕೆ ದಾಟಿಸಿದ್ದೇವೆ ಎಂದು ಬರೆದಿದ್ದಾರೆ. ಮುಂದೇನಾಗುತ್ತದೋ ನೋಡಬೇಕು.

ಬಿಟ್ ಬೈಟ್ ಹೇಳಿದ್ದು ಓದಿದ ಮೇಲೆ ಒಂದು ವಿಷಯ ಪರೀಕ್ಷಿಸಿದೆ. ಟೈಮ್ ಟ್ರಯಲ್‌ನಲ್ಲಿ, ಅಂದರೆ ಎದುರಾಳಿಗಳಿಲ್ಲದೆ ಬರೀ ಸಮಯದ ಜೊತೆ ಓಡುವಾಗ, ನಡುವೆ ಬೇಕೆಂದೇ ನೆಟ್ ಕಡಿದರೆ ಲ್ಯಾಪ್ ಮುಗಿಯುವವರೆಗೆ ಬಿಡುತ್ತದೆ, ಗೆರೆ ದಾಟಿದ ಮೇಲೆ ಕೇಳುತ್ತದೆ. ಅಂದರೆ ಕಾಯಲು ಅದಕ್ಕೆ ಬರುತ್ತದೆ. ರೇಸ್‌ನಲ್ಲಿ ಮಾತ್ರ ಕಾಯುವುದಿಲ್ಲ. ಇದನ್ನೂ ಪತ್ರಕ್ಕೆ ಸೇರಿಸಿದ್ದೇನೆ.

ನಿನ್ನೆ ರಾತ್ರಿ ಅದೇ ಇಪ್ಪತ್ತು ಲ್ಯಾಪ್‌ನ ರೇಸ್ ಮತ್ತೆ ಹಾಕಿದೆ. ಮಳೆ ಈ ಸಲ ಬೇಗ ಬಂತು, ಒಂಬತ್ತನೆಯ ಲ್ಯಾಪ್‌ಗೇ. ಹದಿನೇಳು ದಾಟುವಾಗ ಕಣ್ಣು ರಸ್ತೆಯ ಮೇಲೆ ನಿಲ್ಲದೆ ಪರದೆಯ ಅಂಚಿನ ಸಂಪರ್ಕದ ಚಿಹ್ನೆಯ ಮೇಲೇ ಹೋಗುತ್ತಿತ್ತು. ಆ ಗಾಬರಿಯಲ್ಲೇ ಒಂದು ತಿರುವು ಅಗಲವಾಗಿ ಹೋಗಿ ಒಬ್ಬನಿಗೆ ದಾರಿ ಬಿಟ್ಟುಕೊಟ್ಟೆ. ಮೂರನೆಯವನಾಗಿ ಮುಗಿಸಿದೆ. ಸಂಪರ್ಕ ಕಡಿಯಲಿಲ್ಲ.